ಇಳಿಯದವರ ತೂಕ

ಮುನವಳ್ಳಿಯ ಭೀಮಶಿ ಹದಿನಾಲ್ಕು ವರ್ಷ ಒಂದೇ ಗಾಡಿ ಓಡಿಸಿದ. ದೊಡ್ಡ ಪಿಕಪ್. ಮೊದಲು ಉಳ್ಳಾಗಡ್ಡಿ, ಗೋವಿನಜೋಳ, ಬೆಲ್ಲ ಹೇರುತ್ತಿದ್ದ. ನಡುವೆ ಒಂದು ಸಲ ಧಾರವಾಡದ ದವಾಖಾನೆಯಿಂದ ಓಣಿಯವರೊಬ್ಬರ ಹೆಣ ತಂದುಕೊಟ್ಟ. ಭೀಮಶಿ ಕರೆದರೆ ಬರುತ್ತಾನೆ, ದಾರಿಯಲ್ಲಿ ಕಿರಿಕಿರಿ ಮಾಡುವುದಿಲ್ಲ ಎಂದು ಸುದ್ದಿಯಾಯಿತು. ಒಬ್ಬರಾದ ಮೇಲೆ ಒಬ್ಬರು ಕರೆದರು. ಹೆಣ ಹೊತ್ತ ಗಾಡಿಯಲ್ಲಿ ಕಾಳುಕಡಿ ಹೇರಲು ಮಾತ್ರ ಜನ ಹಿಂಜರಿದರು. ಎರಡು ವರ್ಷದಿಂದ ಅವನಿಗೆ ಅದೊಂದೇ ಕೆಲಸ ಉಳಿದಿತ್ತು.

ಆ ಕೆಲಸಕ್ಕೆ ಒಂದು ಪದ್ಧತಿ ಇದೆ. ಸತ್ತವರನ್ನು ಊರಿಗೆ ತರುವಾಗ ಹೊಳೆ ಬಂದರೆ ಹೊಳೆ ಬಂತೆಂದು, ಸೀಮೆ ಬಂದರೆ ಸೀಮೆ ಬಂತೆಂದು ಅವರ ಹೆಸರು ಹಿಡಿದು ಹೇಳಬೇಕು. ಕೊನೆಗೆ ಬಾಗಿಲ ಮುಂದೆ ಗಾಡಿ ನಿಲ್ಲಿಸಿ, "ನಿಮ್ಮ ಮನಿ ಬಂತು, ಇಳೀರಿ" ಎನ್ನಬೇಕು. ಆಮೇಲೆಯೇ ಫಾಳಕಿ, ಅಂದರೆ ಗಾಡಿಯ ಹಿಂದಿನ ಬಾಗಿಲು, ತೆಗೆಯಬೇಕು. ಹೇಳದಿದ್ದರೆ ದೇಹ ಇಳಿಯುತ್ತದೆ, ಮನುಷ್ಯ ಇಳಿಯುವುದಿಲ್ಲ ಎನ್ನುತ್ತಾರೆ. ಮನೆಯವರು ಅಳುವುದರಲ್ಲಿ ಇದನ್ನು ಮರೆಯುತ್ತಾರೆ. ಆದ್ದರಿಂದ ಭೀಮಶಿಯೇ ಹೇಳುತ್ತಿದ್ದ. ದಿನಕ್ಕೆ ನಾಲ್ಕು ಮಾತಾಡದವನು ಈ ಮಾತನ್ನು ಮಾತ್ರ ತಪ್ಪಿಸುತ್ತಿರಲಿಲ್ಲ.

ಶ್ರಾವಣದಲ್ಲಿ ಅವನ ಮಗಳು ರಂಜನಾ ಬೈಲಹೊಂಗಲದ ದವಾಖಾನೆಯಲ್ಲಿ ಹೆತ್ತಳು. ಗಂಡು ಕೂಸು. ಐದನೆಯ ದಿನ ಬಾಣಂತಿಯನ್ನು ತವರಿಗೆ ಕರೆತರುವುದೆಂದು ಮಾತಾಯಿತು. ಭೀಮಶಿಯ ಹೆಂಡತಿ ಬಾಯವ್ವ ಅವತ್ತೇ ಮಾತು ತೆಗೆದಳು.

"ನೋಡ್ರಿ, ಒಳಗ ಕೂಸು ಮಲಗಿರತೈತಿ, ಹೊಚ್ಚಲ ಮುಂದ ಹೆಣದ ಗಾಡಿ ನಿಂತಿರತೈತಿ. ನನಗ ಅದು ಆಗೂದಿಲ್ಲ."

"ಬಾಡಗಿ ಕಾರ ತರಸೂಣ" ಎಂದ ಭೀಮಶಿ.

"ಬಾಡಗಿ ಕಾರ ಬಂದು ಹೋಗತೈತಿ. ಈ ಗಾಡಿ ಇಲ್ಲೇ ಇರತೈತಲ್ಲ! ಮಾರ್ರಿ ಇದನ್ನ. ಸಣ್ಣ ಕಾರ ತೊಗೊಳ್ರಿ. ಲಗ್ನದ ಮಂದಿನ್ನ ಹೊರ್ರಿ, ಜಾತ್ರಿಗೆ ಗುಡ್ಡಕ್ಕ ಹೋಗೂ ಮಂದಿನ್ನ ಹೊರ್ರಿ. ಬದುಕಿದ್ದ ಮಂದಿನೂ ಬಾಡಗಿ ಕೊಡತಾರ."

ಅವಳು ಹೇಳಿದ್ದು ಖರೆ ಇತ್ತು.

ಸವದತ್ತಿಯಲ್ಲಿ ಸುಭಾಸ ಎಂಬ ಮೇಸ್ತ್ರಿ ಇದ್ದ. ಗಾಡಿ ರಿಪೇರಿ ಮಾಡುತ್ತಿದ್ದ, ಹಳೆಯ ಗಾಡಿ ಕೊಟ್ಟು ಕೊಳ್ಳುವುದೂ ಅವನ ಕಡೆಗೇ. ಅವನ ಅಂಗಳದಲ್ಲಿ ಒಂದು ಬಿಳಿ ಕಾರು ನಿಂತಿತ್ತು. ಸಣ್ಣದು, ಚೊಕ್ಕ ಇತ್ತು.

"ಲೀಟರಿಗೆ ಇಪ್ಪತ್ತೆರಡು ಕೊಡತೈತಿ ಕಾಕಾ. ಎಣ್ಣಿ ವಾಸನಿ ತೋರಿಸಿದ್ರ ಸಾಕು, ರಾಮದುರ್ಗ ಮುಟ್ಟಿ ಬರತೈತಿ" ಎಂದ ಸುಭಾಸ.

ಪಿಕಪ್ಪಿಗೂ ಅವನೇ ಗಿರಾಕಿ ಹುಡುಕಿದ್ದ. ಸಿದ್ಧಾರೂಢ ಎಂಬ ಹರೆಯದ ರೈತ, ಬದನೆಕಾಯಿ ಬೆಳೆದು ಸಂತೆಗೆ ಹಾಕುವವ. ಒಂದು ದಿನ ಓಡಿಸಿ ನೋಡುತ್ತೇನೆಂದು ಒಯ್ದ. ಮರುದಿನ ಬಂದಾಗ ಮುಖ ಸಣ್ಣಗಿತ್ತು.

"ಕಾಕಾ, ಹದಿನೈದು ಕೊಡತೈತಿ ಅಂದಿದ್ರಿ. ಹತ್ತರ ಮ್ಯಾಲ ಒಂದೂ ಬರವಲ್ದು."

ಅದು ಭೀಮಶಿಗೂ ಗೊತ್ತಿತ್ತು. ಗಾಡಿಗೆ ವಯಸ್ಸಾಯಿತು ಎಂದುಕೊಂಡು ಸುಮ್ಮನಿದ್ದ. ಸುಭಾಸ ಕೆಳಗೆ ಮಲಗಿ ನೋಡಿದ. ಫಿಲ್ಟರ್ ತೆಗೆದು ಊದಿದ. ಬ್ರೇಕ್ ಹಿಡಿದಿದೆಯೋ ಎಂದು ನಾಲ್ಕೂ ಗಾಲಿ ಎತ್ತಿ ತಿರುಗಿಸಿದ. ಎಲ್ಲ ಸರಿ ಇತ್ತು.

"ಗಾಡಿಗೆ ರೋಗ ಇಲ್ಲ. ಖಾಲಿ ಗಾಡಿ ಲೋಡ್ ಇದ್ದಂಗ ಎಳ್ಯಾಕತ್ತೈತಿ. ಹಿಂದಿನ ಪಾಟಾ ನೋಡು, ಹೆಂಗ ಬಗ್ಗ್ಯಾವ."

ನಿಜವಾಗಿ ಗಾಲಿಯ ಮೇಲಿನ ಕಬ್ಬಿಣದ ಪಾಟಾಗಳು ಮೂಟೆ ಹೊತ್ತಂತೆ ತಗ್ಗಿದ್ದವು. ಮೂವರೂ ಸೇರಿ ಗಾಡಿಯನ್ನು ಮಾರ್ಕೆಟ್ಟಿನ ಹತ್ತಿರದ ಕಾಟಾದ ಮೇಲೆ ನಿಲ್ಲಿಸಿದರು. ಲಾರಿ ತೂಗುವ ಕಾಟಾ ಅದು. ಉಳ್ಳಾಗಡ್ಡಿ ಹೇರುವ ಕಾಲದಲ್ಲಿ ಭೀಮಶಿ ಅಲ್ಲಿ ನೂರಾರು ಸಲ ಖಾಲಿ ಗಾಡಿ ತೂಗಿಸಿದ್ದ. ಹದಿನೇಳು ಕ್ವಿಂಟಲ್ ನಲವತ್ತು ಕಿಲೋ. ಅವನಿಗೆ ಬಾಯಿಪಾಠವಾಗಿತ್ತು.

ಈಗ ಹದಿನೆಂಟು ಕ್ವಿಂಟಲ್ ತೋರಿಸಿತು.

ಕಾಟಾದವನು ಕಿಟಕಿಯಿಂದ ತಲೆ ಹೊರಗೆ ಹಾಕಿ, "ಹಿಂದ ಯಾರರ ಕುಂತಾರೇನ್ರಿ? ಇಳೀರಿ ಅನ್ರಿ ಅವರಿಗೆ" ಎಂದ.

ಹಿಂದೆ ಯಾರೂ ಇರಲಿಲ್ಲ. ಸುಭಾಸ ನಕ್ಕ. "ಇಳೀರಿ ಅನ್ನೂದು ಇವನ ಉದ್ಯೋಗನ ಐತಿ. ಯಾರಿಗೋ ಹೇಳೂದು ಮರತಾನ." ಆಮೇಲೆ ತಾನು ಏನು ಅಂದೆ ಎಂದು ಅವನಿಗೇ ತಿಳಿಯಿತೇನೋ, ನಗು ನಿಲ್ಲಿಸಿ ಪಾಟಾದ ಕಡೆ ನೋಡಿದ. "ಅರವತ್ತು ಕಿಲೋಕ್ಕ ಈ ಗಾಡಿ ಹಿಂಗ ಬಗ್ಗೂದಿಲ್ಲೋ ಕಾಕಾ. ಇದರ ತೂಕನ ಬ್ಯಾರೆ ಐತಿ."

ಸಿದ್ಧಾರೂಢ ಇದನ್ನೆಲ್ಲ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. "ಎಣ್ಣಿ ಕುಡದರ ಕುಡೀಲಿ ಬಿಡ್ರಿ, ಗಾಡಿ ಗಟ್ಟಿ ಐತಿ. ನಾಳೆ ನಾಲ್ಕಕ್ಕ ಬರತೇನಿ. ನಮ್ಮ ಹುಡುಗೂರು ಹಿಂದ ಕುಂತು ಹೊಲಕ್ಕ ಹೋಗೂಣಂತ ನಿನ್ನಿಯಿಂದ ಕುಣ್ಯಾಕತ್ತಾವ."

ಭೀಮಶಿಯ ಎದೆಗೆ ಆ ಮಾತು ನಾಟಿತು. ಸುಮ್ಮನೆ ಕೀಲಿ ಕೊಟ್ಟರೆ ಆಯಿತು. ನಾಡಿದ್ದು ಕೂಸು ಮನೆಗೆ ಬರುವಾಗ ಬಾಗಿಲ ಮುಂದೆ ಬಿಳಿ ಕಾರು ನಿಂತಿರುತ್ತದೆ. ಆದರೆ ಇದರಲ್ಲಿ ಕುಳಿತವರು ಸಿದ್ಧಾರೂಢನ ಮಕ್ಕಳ ಪಕ್ಕದಲ್ಲಿ ಕುಳಿತು ಹೊಲಕ್ಕೆ ಹೋಗುತ್ತಾರೆ.

ಯಾರು ಇಳಿದಿಲ್ಲ ಎಂದು ಅವನು ಒಬ್ಬೊಬ್ಬರನ್ನೇ ನೆನೆದ. ನೆನಪು ಹೂಲಿಯ ಶೆಟ್ಟೆವ್ವನ ಹತ್ತಿರ ಬಂದು ನಿಂತಿತು. ನಾಲ್ಕು ತಿಂಗಳ ಹಿಂದೆ ಬೆಳಗಾವಿಯಿಂದ ತಂದ ಮುದುಕಿ. ಹೂಲಿಯ ಅವಳ ಮನೆ ಮಳೆಗೆ ಬಿದ್ದಿತ್ತು. ಅದಕ್ಕೆ ತಮ್ಮನ ಮಗ ಸವದತ್ತಿಯ ತನ್ನ ಹೊಸ ಮನೆಗೆ ತರಿಸಿದ. ಆ ಬಾಗಿಲಲ್ಲಿ ಭೀಮಶಿ "ನಿಮ್ಮ ಮನಿ ಬಂತು" ಎಂದಿದ್ದ. ಅದು ಅವಳ ಮನೆಯಲ್ಲ. ಬದುಕಿದ್ದಾಗ ಅವಳು ಆ ಹೊಚ್ಚಲು ತುಳಿದೇ ಇರಲಿಲ್ಲ. ದೇಹವನ್ನು ಕೂರಿಸಿ ಪೂಜೆ ಮಾಡಿ ಮಣ್ಣು ಕೊಟ್ಟರು. ಶೆಟ್ಟೆವ್ವ ಮಾತ್ರ ತನ್ನ ಮನೆ ಬರಲೆಂದು ಗಾಡಿಯಲ್ಲೇ ಕುಳಿತಿದ್ದಳು.

ಮರುದಿನ ನಡುಹಗಲಿಗೆ ಅವನು ಹೂಲಿಯಲ್ಲಿದ್ದ. ಹಳೆಯ ಗುಡಿಯ ಹಿಂದಿನ ಓಣಿ. ಶೆಟ್ಟೆವ್ವನ ಮನೆಯಲ್ಲಿ ಎರಡು ಗೋಡೆ, ಒಂದು ಬಾಗಿಲ ಚೌಕಟ್ಟು ಉಳಿದಿದ್ದವು. ಬಿಸಿಲು ಬಿಳಿ ಇತ್ತು. ನೆರಳು ಎಲ್ಲಿಯೂ ಇರಲಿಲ್ಲ.

"ಶೆಟ್ಟೆವ್ವಾರ, ನಿಮ್ಮ ಮನಿ ಬಂತು. ಇಳೀರಿ" ಎಂದು ಭೀಮಶಿ ಫಾಳಕಿ ತೆಗೆದ.

ಏನೂ ಆಗಲಿಲ್ಲ. ಪಾಟಾ ಹಾಗೇ ತಗ್ಗಿತ್ತು. ಎದುರು ಮನೆಯ ಕಟ್ಟೆಯ ಮೇಲೆ ಸೀತವ್ವ ಎಂಬ ಮುದುಕಿ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು.

"ಯಾರನ್ನ ಕರ್ಯಾಕತ್ತೀಯೋ ತಮ್ಮಾ?"

ಭೀಮಶಿ ಮುಚ್ಚುಮರೆಯಿಲ್ಲದೆ ಹೇಳಿದ. ಹುಚ್ಚ ಎಂದಾಳು ಎಂದುಕೊಂಡಿದ್ದ. ಸೀತವ್ವ ಹಾಗೆ ಅನ್ನಲಿಲ್ಲ.

"ಅಕಿ ಮೊಣಕಾಲ ಹಿಡದು ಹತ್ತ ವರ್ಷ ಆಗಿತ್ತೋ. ಬರೇ ಬಾಯಿಲೆ ಇಳಿ ಅಂದ್ರ ಹೆಂಗ ಇಳದಾಳು? ಕೈ ಕೊಡು."

ಭೀಮಶಿ ಖಾಲಿ ಗಾಡಿಯ ಕಡೆ ಕೈ ಚಾಚಿದ. ಬೆವರಿದ ಅಂಗೈ ಬಾವಿಯ ನೀರಿನಲ್ಲಿ ಅದ್ದಿದಂತೆ ತಣ್ಣಗಾಯಿತು. ಒಂದು ಭಾರ ಅವನ ತೋಳನ್ನು ಕೆಳಗೆ ಜಗ್ಗಿತು, ಮೆಲ್ಲಗೆ, ಒಂದು ಕಾಲು, ಆಮೇಲೆ ಇನ್ನೊಂದು ಕಾಲು. ಪಾಟಾ ಕಿರ್ರೆಂದು ಮೇಲೆದ್ದಿತು. ಕೈ ಬಿಟ್ಟಂತಾಯಿತು.

ಸೀತವ್ವ ಮೊರವನ್ನು ಪಕ್ಕಕ್ಕೆ ಸರಿಸಿ ಕಟ್ಟೆಯ ಮೇಲೆ ಜಾಗ ಮಾಡಿದಳು. "ಬಾ ಯವ್ವಾ, ಕುಂಡ್ರು. ಭಾಳ ತಡಾ ಮಾಡಿದಿ" ಎಂದಳು. ಅವಳು ನೋಡಿದ್ದು ಭೀಮಶಿಯ ಕಡೆ ಅಲ್ಲ.

ಅವನು ಸವದತ್ತಿಗೆ ಬಂದ. ಗಾಡಿ ಹಗುರಾಗಿ ಓಡುತ್ತಿತ್ತು. ಮನಸ್ಸೂ ಹಗುರಾಗಿತ್ತು. ಸಿದ್ಧಾರೂಢನಿಗೆ ಸರಿಯಾದ ಗಾಡಿ ಕೊಡುತ್ತಿದ್ದೇನೆ ಎಂದು ತೋರಿಸಬೇಕಲ್ಲ, ಇನ್ನೊಮ್ಮೆ ಕಾಟಾದ ಮೇಲೆ ನಿಲ್ಲಿಸಿದ.

ಹದಿನೇಳು ಕ್ವಿಂಟಲ್ ಅರವತ್ತು ಕಿಲೋ.

"ನಿನ್ನಿಗಿಂತ ಕಡಿಮಿ ಆತಲ್ರಿ" ಎಂದ ಕಾಟಾದವನು.

ಇಪ್ಪತ್ತು ಕಿಲೋ ಇನ್ನೂ ಒಳಗಿತ್ತು. ಅದು ಯಾರ ತೂಕ ಎಂದು ಭೀಮಶಿ ಯಾರನ್ನೂ ಕೇಳಬೇಕಾಗಿರಲಿಲ್ಲ. ಒಂದೂವರೆ ವರ್ಷದಿಂದ ಅವನು ಆ ನೆನಪಿನ ಕಡೆ ಹೊರಳಿ ನೋಡದೆ ಇದ್ದ, ಅಷ್ಟೇ.

ರಾಮದುರ್ಗ ರಸ್ತೆಯ ಮೇಲಿನ ಒಂದು ಹಳ್ಳಿ. ಉಮಾಶ್ರೀ ಎಂಬ ಹೆಣ್ಣುಮಗಳು. ಅವಳ ಏಳು ವರ್ಷದ ಮಗಳು ರಾಜೇಶ್ವರಿ ಜ್ವರ ಬಂದು ಬೆಳಗಾವಿಯಲ್ಲಿ ತೀರಿಕೊಂಡಿದ್ದಳು. ತಾಯಿ ಮುಂದೆ ಕೂರಲಿಲ್ಲ. ಹಿಂದೆ ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಬಂದಳು. ಊರ ಸೀಮೆ ಬಂದಾಗ ಕ್ಯಾಬಿನ್ನಿನ ಗಾಜು ಬಡಿದಳು.

"ಅಣ್ಣಾ, ಈಗ ಇಳಸಬ್ಯಾಡ್ರಿ. ಇನ್ನೊಂದು ಸುತ್ತು ಹೋಗೂಣ. ಅಕಿಗೆ ಗಾಡಿ ಅಂದ್ರ ಭಾಳ ಜೀವ ನೋಡ್ರಿ."

ಭೀಮಶಿ ಊರು ದಾಟಿ ಮುಂದಿನ ತಿರುವಿನವರೆಗೆ ಹೋಗಿ ಬಂದ. ಬಾಗಿಲಿಗೆ ಬಂದಾಗ ಇಳಿ ಅನ್ನಲು ಅವನಿಗೆ ದನಿ ಹೊರಡಲಿಲ್ಲ. ಸುಮ್ಮನೆ ಫಾಳಕಿ ತೆಗೆದ. ಹೆಣ ಹೊರಲು ಹಿಡಿದ ಮೇಲೆ ಅವನು ಹೇಳದೆ ಬಿಟ್ಟದ್ದು ಅದೊಂದೇ ಸಲ.

ಗಡಿಯಾರ ನೋಡಿದ. ನಾಲ್ಕು ಗಂಟೆಗೆ ಇನ್ನೂ ಹೊತ್ತಿತ್ತು. ಗಾಡಿಯನ್ನು ರಾಮದುರ್ಗ ರಸ್ತೆಗೆ ಹೊರಳಿಸಿದ.

ಉಮಾಶ್ರೀ ರಸ್ತೆಯ ಅಂಚಿನಲ್ಲೇ ನಿಂತಿದ್ದಳು, ಬಸ್ಸಿಗೆ ಕಾದಂತೆ. ಗಾಡಿ ನಿಂತದ್ದು ನೋಡಿ ಅವಳ ಮುಖದ ಬಣ್ಣ ಹೋಯಿತು.

"ತಂಗಿ, ಅವತ್ತ ನಾ ಒಂದು ಮಾತು ಹೇಳೂದು ಬಿಟ್ಟಿದ್ದೆ" ಎಂದ ಭೀಮಶಿ.

"ಗೊತ್ತೈತ್ರಿ ಅಣ್ಣಾ."

"ಗಾಡಿ ಮಾರಾಕತ್ತೇನಿ. ಅದಕ್ಕ ಇವತ್ತ ಹೇಳೂಣಂತ ಬಂದೆ."

"ಹೇಳಬ್ಯಾಡ್ರಿ!" ಅವಳು ಫಾಳಕಿಗೆ ಬೆನ್ನು ಕೊಟ್ಟು ಅಡ್ಡ ನಿಂತಳು. "ನಿಮ್ಮ ಗಾಡಿ ಈ ರಸ್ತ್ಯಾಗ ಹೋದಾಗೆಲ್ಲ ನಾ ಬಂದು ನಿಲ್ಲತೇನಿ. ನೀವು ಮುಂದ ನೋಡಕೋತ ಹೋಗತೀರಿ. ಅಕಿ ಹಿಂದ ಕಂಬಿ ಹಿಡದು ನಿಂತು ನನಗ ಕೈ ಮಾಡತಾಳ. ಇಲ್ಲೆ ಇಳಿಸಿದ್ರ ಎಲ್ಲಿಗೆ ಹೋದಾಳ್ರಿ? ಮಣ್ಣಿಗೆ ಹೋಗತಾಳ. ಗಾಡ್ಯಾಗ ಇದ್ರ ಊರೂರು ನೋಡತಾಳ."

ಭೀಮಶಿ ಫಾಳಕಿಯ ಕಡೆ ಒಂದು ಹೆಜ್ಜೆ ಇಟ್ಟ. ಅವನಿಗೆ ನಾಳೆ ಮನೆಗೆ ಬರುವ ಕೂಸು ನೆನಪಾಯಿತು. ಬಾಯವ್ವ ನೆನಪಾದಳು. ಎದುರಿಗೆ ನಿಂತ ತಾಯಿಯ ಕಣ್ಣು ತನ್ನನ್ನು ದಾಟಿ ಗಾಡಿಯೊಳಗೆ ಯಾರನ್ನೋ ಸಮಾಧಾನ ಮಾಡುತ್ತಿದ್ದುದೂ ಕಾಣಿಸಿತು. ಆ ಮಾತು ಹೇಳದೆಯೇ ಅವನು ಹತ್ತಿ ಕೂತು ಗಾಡಿ ಚಾಲೂ ಮಾಡಿದ.

ಸುಭಾಸನ ಅಂಗಳದಲ್ಲಿ ಬಿಳಿ ಕಾರು ತೊಳೆದು ನಿಂತಿತ್ತು. ಮುಂದೆ ಹೂವಿನ ಮಾಲೆ, ಗಾಲಿಗೆ ನಿಂಬೆಹಣ್ಣು.

"ಬ್ಯಾಡ. ನಾ ಮಾರೂದಿಲ್ಲ" ಎಂದ ಭೀಮಶಿ.

"ಇಪ್ಪತ್ತೆರಡು ಕೊಡೂದನ್ನ ಬಿಟ್ಟು ಹತ್ತು ಕೊಡೂದನ್ನ ಇಟಗೋತಿಯಾ? ತಲಿ ನೆಟ್ಟಗೈತೋ ಇಲ್ಲೋ ಕಾಕಾ?"

"ಒಳಗ ಮಂದಿ ಅದಾರ."

ಸುಭಾಸ ಈ ಸಲ ನಗಲಿಲ್ಲ. ಸಿದ್ಧಾರೂಢನ ಇಬ್ಬರು ಮಕ್ಕಳು ಆಗಲೇ ಹಿಂದೆ ಹತ್ತಿದ್ದರು. ಸಣ್ಣವಳು ಖಾಲಿ ಮೂಲೆಗೆ ತನ್ನ ಕೈಯಲ್ಲಿದ್ದ ಬಿಸ್ಕಿಟ್ ಚಾಚಿ, "ತೊಗೋ, ನನ್ನ ಹಂತ್ಯಾಕ ಇನ್ನೂ ಅದಾವ" ಎನ್ನುತ್ತಿದ್ದಳು. ಸಿದ್ಧಾರೂಢ ಓಡಿಹೋಗಿ ಇಬ್ಬರನ್ನೂ ಕಂಕುಳಲ್ಲಿ ಎತ್ತಿ ಕೆಳಗಿಳಿಸಿದ. ಗಾಡಿಯ ಮಾತು ಮತ್ತೆ ಎತ್ತಲಿಲ್ಲ.

ಬಾಯವ್ವ ಬೈಲಹೊಂಗಲದಲ್ಲಿ ಮಗಳ ಹತ್ತಿರ ಇದ್ದಳು. ಫೋನಿನಲ್ಲಿ "ಮಾರಿದ್ರ್ಯಾ?" ಎಂದಳು.

"ಇಲ್ಲ."

ಆಮೇಲೆ ಅವನು ಎಲ್ಲ ಹೇಳಿದ. ಒಂದು ವರ್ಷದ ಮಾತು ಒಮ್ಮೆಲೇ ಆಡಿದ. ಬೈಯುತ್ತಾಳೆ ಎಂದು ಅವನು ಕಾದ.

"ಎಷ್ಟು ವರ್ಷದಕಿ?" ಎಂದಳು ಬಾಯವ್ವ.

"ಏಳು."

"ಆ ವಯಸ್ಸಿನ ಹುಡುಗೂರಿಗೆ ಕೂಸು ಎತಗೊಳ್ಳೂ ಆಶಾ ಭಾಳ ಇರತೈತ್ರಿ" ಎಂದಳು. ಅವಳ ದನಿ ಸಣ್ಣಗಿತ್ತು. "ನಾವು ಬಾಡಗಿ ಕಾರಿನ್ಯಾಗ ಬರತೇವಿ. ನೀವು ಹಿಂದ ಬರ್ರಿ. ದೂರ ಇರ್ರಿ. ಗಾಡಿ ಮನಿ ಮುಂದ ಹಚ್ಚಬ್ಯಾಡ್ರಿ."

ಮರುದಿನ ಮುಂಜಾನೆ ಬೈಲಹೊಂಗಲದಿಂದ ಬಾಣಂತಿ, ಕೂಸು ಕುಳಿತ ಬಾಡಿಗೆ ಕಾರು ಮುಂದೆ ಹೊರಟಿತು. ಭೀಮಶಿ ಅವಳು ಹೇಳಿದಂತೆ ಹಿಂದೆ ದೂರ ಉಳಿದ. ಹತ್ತಿರವಾದರೆ ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆಯುತ್ತಿದ್ದ. ಆದರೂ ಗಾಡಿ ಇವತ್ತು ತಾನಾಗಿಯೇ ಮುಂದೆ ಜಗ್ಗುತ್ತಿತ್ತು, ಇಳುಕಲಿಲ್ಲದ ಕಡೆಯೂ.

ಮುನವಳ್ಳಿಯ ಮೊದಲ ರಸ್ತೆಯುಬ್ಬಿನಲ್ಲಿ ಕಾರು ನಿಧಾನಿಸಿತು. ಪಿಕಪ್ ಅದರ ಬೆನ್ನಿಗೇ ಬಂದು ನಿಂತಿತು. ಹಿಂದಿನ ಗಾಜಿನಲ್ಲಿ ಬಾಯವ್ವ ತಿರುಗಿದಳು, ತೊಡೆಯ ಮೇಲೆ ಕೂಸು. ಭೀಮಶಿ ಕೈ ಎತ್ತಿದ. ಅವಳು ಅವನನ್ನು ನೋಡಲಿಲ್ಲ. ಅವನ ತಲೆಯ ಮೇಲೆ, ಕ್ಯಾಬಿನ್ನಿನ ಕಂಬಿ ಇರುವಷ್ಟು ಎತ್ತರಕ್ಕೆ ನೋಡಿದಳು. ಕಣ್ಣು ಮಿಟುಕಿಸದೆ ನೋಡಿದಳು. ಆಮೇಲೆ ಮೆಲ್ಲಗೆ ಸೆರಗು ಎಳೆದು ಕೂಸಿನ ಮುಖ ಮುಚ್ಚಿದಳು.