ಚಿಮಣಿಗೆ ಜರಡಿ ಕಟ್ಟಿದ ಬೇಸಿಗೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆ ಫೋನು ಮಾಡಿದವನು ನಾನೇ. ಮಾಲಿನ್ಯದ ಆಫೀಸಿನಿಂದ ಯಾವ ಸಾಹೇಬರೂ ನಮ್ಮ ಮಾವನಿಗೆ ಫೋನು ಮಾಡಿರಲಿಲ್ಲ. ಭಟ್ಟಿಯ ಗೋದಾಮಿನ ಮಾಳಿಗೆ ಮೇಲೆ, ನೀರಿನ ಟ್ಯಾಂಕಿನ ಹಿಂದೆ ಕುಕ್ಕರಗಾಲಲ್ಲಿ ಕೂತು, ಮೂಗನ್ನು ಎರಡು ಬೆರಳಲ್ಲಿ ಅರ್ಧ ಹಿಡಿದು, ಮಾವನಿಗೆ ಗೊತ್ತಿಲ್ಲದ ನನ್ನ ಎರಡನೇ ಸಿಮ್ಮಿನಿಂದ ನಾನೇ ಸಾಹೇಬನಾಗಿದ್ದೆ. ಫೈಲು ತಿರುವುವ ಸದ್ದು ಬರಲಿ ಎಂದು ಹಳೇ ಪೇಪರನ್ನು ಪರಪರ ಅನ್ನಿಸಿದ್ದೂ ನಾನೇ. ಇಷ್ಟು ಬುದ್ಧಿ ಓಡಿಸಿದವನಿಗೆ ಮುಂದಿನದು ಹೊಳೆಯಲಿಲ್ಲ ಎಂಬುದು ಈ ಕಥೆ.

ಹೊನ್ನಾಳಿಯಲ್ಲಿ ನಮ್ಮ ಸೋದರಮಾವನದು ಮಂಡಕ್ಕಿ ಭಟ್ಟಿ. ಉಪ್ಪುನೀರು ಹಿಡಿಸಿದ ಅಕ್ಕಿಯನ್ನು ಕಾದ ಮರಳಿಗೆ ಸುರಿದರೆ ಚಟಪಟ ಅಂದು ಅರಳುತ್ತದೆ. ಮರಳು ಕಾದೇ ಇರಬೇಕೆಂದರೆ ಕೆಳಗೆ ಭತ್ತದ ಹೊಟ್ಟು ಉರಿಯುತ್ತಲೇ ಇರಬೇಕು. ಹೊಟ್ಟು ಬಲು ಹಗುರ. ಅರ್ಧ ಉರಿಯುವಷ್ಟರಲ್ಲೇ ಚಿಮಣಿ ಹತ್ತಿ ಹೊರಟುಬಿಡುತ್ತದೆ, ಕಿಡಿಯಾಗಿ, ಬೂದಿಯಾಗಿ, ಮಸಿಯಾಗಿ. ಹೊಳೆ ಕಡೆಯಿಂದ ಬರುವ ಗಾಳಿ ಅದನ್ನೆಲ್ಲ ಜೋಪಾನವಾಗಿ ಎತ್ತಿಕೊಂಡು ಪಕ್ಕದ ಮಾಳಿಗೆಗೆ ಇಳಿಸುತ್ತದೆ. ಆ ಮಾಳಿಗೆ ಶಾವಿಗೆ ಅಕ್ಕನದು.

ಅಕ್ಕ ಎಂದರೆ ಒಡಹುಟ್ಟಿದವಳಲ್ಲ, ಓಣಿಗೆಲ್ಲ ಅಕ್ಕ. ಬೇಸಿಗೆ ಬಂತೆಂದರೆ ಅವಳ ಮನೆಯ ಶಾವಿಗೆ ಮಿಷನ್ನು ಶುರು. ಸುತ್ತಲ ಊರಿನ ಹೆಂಗಸರು ತಮ್ಮ ತಮ್ಮ ಮನೆಯ ಗೋಧಿಯನ್ನೇ ತರುತ್ತಾರೆ. ಅಕ್ಕ ನಾದಿ, ಒತ್ತಿ, ಮಾಳಿಗೆಯಲ್ಲಿ ಸಾಲಾಗಿ ಕಟ್ಟಿದ ಬಿದಿರ ಗಳಗಳ ಮೇಲೆ ಎಳೆ ಎಳೆಯಾಗಿ ಒಣಗಹಾಕುತ್ತಾಳೆ. ಯಾರ ಗೋಧಿ ಯಾರದು ಎಂದು ತಿಳಿಯಲು ಗಳದ ತುದಿಗೆ ಅವರವರ ಸೀರೆಯ ಚೂರು ಕಟ್ಟಿರುತ್ತದೆ. ಹಾಗಾಗಿ ನಮ್ಮ ಮಸಿ ಬೀಳುತ್ತಿದ್ದದ್ದು ಅಕ್ಕನ ಶಾವಿಗೆಯ ಮೇಲಲ್ಲ, ಅವಳನ್ನು ನಂಬಿ ಕೊಟ್ಟವರ ಗೋಧಿಯ ಮೇಲೆ. ತನ್ನದಾಗಿದ್ದರೆ ಕೊಡವಿಕೊಂಡು ತಿನ್ನುತ್ತಿದ್ದಳೇನೋ.

ಮೂರು ದಿನಕ್ಕೊಮ್ಮೆ ಭಟ್ಟಿಯ ಬಾಗಿಲಿಗೆ ಬರುತ್ತಿದ್ದಳು. ಸೆರಗಿನಲ್ಲಿ ಸುಟ್ಟ ತೂತು ತೋರಿಸುತ್ತಿದ್ದಳು. "ನೋಡಪ್ಪ, ಇದು ನಿನ್ನೆ ಬಿದ್ದ ಕಿಡಿ. ಶಾವ್ಗಿ ಮ್ಯಾಲೆ ಹೊದಿಸಿದ ಬಟ್ಟಿ ಎಲ್ಲ ಹಿಂಗೇ ಆಗೈತೆ. ಬಟ್ಟಿ ಹೊದಿಸಿದ್ರೆ ಒಣಗಲ್ಲ, ತಗದ್ರೆ ಕರ್ರಗಾಗತೈತೆ. ನಾ ಏನ್ ಮಾಡ್ಲಿ?"

ಮಾವ ಕೆಟ್ಟವನಲ್ಲ. ಎದ್ದು ನಿಲ್ಲುತ್ತಿದ್ದ, ಕುರ್ಚಿ ಕೊಡುತ್ತಿದ್ದ, ಚಾ ತರಿಸುತ್ತಿದ್ದ. ಆಮೇಲೆ, "ಅಕ್ಕಾ, ಗಾಳಿಗೆ ನಾನೇನು ಹಗ್ಗ ಕಟ್ಲೇನು?" ಅನ್ನುತ್ತಿದ್ದ. ಅಕ್ಕ ಚಾ ಕುಡಿದು ಹೋಗುತ್ತಿದ್ದಳು. ಅವಳು ಓಣಿ ತಿರುಗುವುದೇ ತಡ, ನಾನು ತಲೆಗೆ ಟವೆಲು ಹೊದ್ದು, "ನಾ ಏನ್ ಮಾಡ್ಲಿ" ಎಂದು ಅವಳ ದನಿಯಲ್ಲೇ ರಾಗ ಎಳೆದು ಹುರಿಯುವವರನ್ನು ನಗಿಸುತ್ತಿದ್ದೆ. ನನ್ನ ಹತ್ತಿರ ಎಲ್ಲರ ದನಿಯೂ ಇತ್ತು. ಮಾವನದು, ಬಸ್ಸಿನ ಕಂಡಕ್ಟರನದು, ಹೊಟ್ಟಿನ ಟ್ರ್ಯಾಕ್ಟರಿನದು ಕೂಡ. ನಿನ್ನದೇ ದನಿ ಮಾಡು ಎಂದರೆ ಮಾತ್ರ ನನಗೆ ನಗು ಬಂದು ದನಿಯೇ ನಿಂತುಹೋಗುತ್ತಿತ್ತು.

ಒಂದು ದಿನ ನ್ಯಾಮತಿಯಿಂದ ಒಬ್ಬರು ಬಂದರು, ಮಗಳ ಮದುವೆಗೆ ಒತ್ತಿಸಿದ ಶಾವಿಗೆ ಒಯ್ಯಲು. ಬುಟ್ಟಿ ಬಿಚ್ಚಿ ನೋಡಿ, "ಇದೇನಕ್ಕಾ, ಎಳ್ಳು ಹಾಕೀಯೇನು?" ಎಂದರು. ಬೈದಿದ್ದರೆ ವಾಸಿ ಇತ್ತು. ಅವರು ಸುಮ್ಮನೆ ಕೇಳಿದರು. ಅಕ್ಕ ಒಳಗೆ ಹೋಗಿ ತನ್ನ ಮನೆಗೆಂದು ಮೊದಲ ವಾರವೇ ಒತ್ತಿಟ್ಟಿದ್ದ ಬಿಳಿ ಶಾವಿಗೆ ಪೂರ್ತಿ ತಂದು ಅವರ ಬುಟ್ಟಿಗೆ ತುಂಬಿದಳು. ಕರ್ರಗಾದದ್ದನ್ನು ತಾನಿಟ್ಟುಕೊಂಡಳು. ನಾನು ಮಂಡಕ್ಕಿ ಚೀಲ ಹೊಲಿಯುತ್ತ ಅಲ್ಲೇ ಮೋಟು ಗೋಡೆಯಾಚೆ ಇದ್ದೆ. ಅವರು ಹೋದಮೇಲೆ ನನ್ನ ಕಡೆ ತಿರುಗಿ ಹೇಳಿದಳು:

"ಇನ್ನೊಂದು ಮನಿ ಗೋಧಿ ಹಿಂಗಾತು ಅಂದ್ರೆ ಮಿಷನ್ ಕಟ್ಟಿಸ್ಕಂಡು ನ್ಯಾಮತಿಗೆ ತಂಗಿ ಮನಿಗೆ ಹೋಗ್ತೀನಿ ತಮ್ಮ. ಇದು ತಮಾಸಿ ಅಲ್ಲ."

ಅವಳು ಹುಟ್ಟಿ ಬೆಳೆದ ಓಣಿ, ಇಪ್ಪತ್ತು ಬೇಸಿಗೆಯ ಗಳಗಳು. ಆ ದಿನ ನನಗೆ ಅವಳ ದನಿ ಮಾಡಲು ಬರಲಿಲ್ಲ. ಅದಕ್ಕೇ ಮರುದಿನ ಸಾಹೇಬನ ದನಿ ಮಾಡಿದೆ.

ಸಾಹೇಬನಾಗುವುದು ಕಷ್ಟವಲ್ಲ. ನಮ್ಮ ಕಡೆ "ಐತೆ" ಅನ್ನದೆ "ಇದೆ" ಅಂದರೆ ಅರ್ಧ ಅಧಿಕಾರಿ. ನಡುವೆ ನಾಲ್ಕು ಸಲ "ನೋಡಿ" ಅಂದರೆ ಪೂರ್ತಿ. "ನೋಡಿ, ಕಂಪ್ಲೇಂಟ್ ಬಂದಿದೆ. ನಿಮ್ಮ ಚಿಮಣಿಯಿಂದ ಮಸಿ, ಕಿಡಿ ಹೊರಗೆ ಬರಬಾರದು. ಹದಿನೈದು ದಿನ ಟೈಮು." ಕೆಳಗೆ ಅಂಗಳದಲ್ಲಿ ಮಾವ ಫೋನು ಕಿವಿಗಿಟ್ಟುಕೊಂಡು, ಹೆಗಲ ಟವೆಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡದ್ದು ಕಂಡಿತು. "ಆತು ಸಾ. ಆತ್ರಿ ಸಾ." ಭಟ್ಟಿಯ ಗದ್ದಲದಲ್ಲಿ ಅವನಿಗೆ ದನಿಯ ಗುರುತೇ ಹತ್ತಲಿಲ್ಲ. ನನ್ನನ್ನು ಯಾರೂ ಈ ಜನ್ಮದಲ್ಲಿ "ಸಾ" ಎಂದವರಲ್ಲ. ಅಮಲು ಏರಿತು. ಅಲ್ಲಿಗೇ ಬಿಡಬೇಕಿತ್ತು. ಬಿಡದೆ, "ನಿಮ್ಮಲ್ಲಿ ಐಟಿಐ ಓದಿದ ಹುಡುಗ ಒಬ್ಬ ಇದಾನಂತೆ, ಬಹಳ ಚುರುಕಂತೆ, ಅವನ ಕೈಲೇ ಮಾಡಿಸಿ" ಎಂದುಬಿಟ್ಟೆ.

ಕೆಳಗಿಳಿದು ಬಂದಾಗ ಮಾವ ನನ್ನನ್ನು ಹೊಸಬನಂತೆ ನೋಡುತ್ತಿದ್ದ. "ಲೇ ಅಳಿಯ, ಆಫೀಸ್ನರಿಗೆ ನಿನ್ನ ಸುದ್ದಿ ತನಕ ಹೋಗೈತೆ ಕಣಲೇ! ಮಾಡು ನೀನೇ." ನಾನು ಐಟಿಐನಲ್ಲಿ ಓದಿದ್ದು ವೈರಿಂಗು. ಹೊಗೆಯ ವಿಚಾರದಲ್ಲಿ ನನಗೆ ಗೊತ್ತಿದ್ದದ್ದು ಅದು ಮೇಲಕ್ಕೆ ಹೋಗುತ್ತದೆ ಎಂಬುದಷ್ಟೆ.

ಮೊದಲು ಮಂಡಕ್ಕಿಯಿಂದ ಮರಳು ಸೋಸುವ ಕಬ್ಬಿಣದ ಜರಡಿಯನ್ನೇ ಬಿಚ್ಚಿ ಚಿಮಣಿಯ ಬಾಯಿಗೆ ತಂತಿಯಲ್ಲಿ ಬಿಗಿದೆ. ಮಂಡಕ್ಕಿ ನಿಲ್ಲುವ ಜರಡಿಯಲ್ಲಿ ಮಸಿ ನಿಲ್ಲುವುದಿಲ್ಲವೇ? ನಿಂತಿತು. ನಿಂತದ್ದು ಅಲ್ಲೇ ಕೂತಿತು. ಒಂದು ಗಂಟೆ ಕಿಡಿಯಿಲ್ಲ, ಎರಡನೇ ಗಂಟೆಗೆ ಜರಡಿಯ ಕಣ್ಣೆಲ್ಲ ಮುಚ್ಚಿ ಹೊಗೆ ಬಂದ ದಾರಿಯಲ್ಲೇ ವಾಪಸು ಹೊರಟು ಒಲೆಯ ಬಾಯಿಂದ ಆಚೆ ಬಂತು. ಹುರಿಯುವ ಕಾಕಾ ಜಗಳೂರು ಕಡೆಯ ಬಿಳಿಚೋಡಿನವನು. ಕುರಿ ಹಿಂಡಿನ ಧೂಳಲ್ಲಿ ಬೆಳೆದವನು. ಅವನೇ ಕಣ್ಣೊರೆಸಿಕೊಂಡು ಹೊರಗೆ ಬಂದ. "ಏನಪ್ಪ ಇಂಜಿನೇರಾ, ಚಿಮಣಿಗೆ ಮುಸುಕು ಹಾಕಿ ಮದ್ವಿ ಮಾಡ್ತೀಯೇನು?" ಗಂಟೆಗೊಮ್ಮೆ ಏಣಿ ಹತ್ತಿ ಜರಡಿ ಬಡಿಯುವ ಕೆಲಸ ನನಗೇ ಬಿತ್ತು. ಬಡಿದಾಗಲೆಲ್ಲ ಗಂಟೆಯಿಡೀ ಕೂಡಿಟ್ಟ ಮಸಿ ಒಂದೇ ಏಟಿಗೆ ಅಕ್ಕನ ಮಾಳಿಗೆಗೆ ಹಾರುತ್ತಿತ್ತು. ಮೂರನೇ ದಿನ ಜರಡಿ ಬಿಚ್ಚಿದೆ.

ಆಮೇಲೆ ಚನ್ನಗಿರಿಯ ವೆಲ್ಡರ್ ಒಬ್ಬನನ್ನು ಕರೆತಂದೆವು. ಅಡಿಕೆ ಬೇಯಿಸುವ ಒಲೆಗಳಿಗೆ ಚಿಮಣಿ ಕೂರಿಸಿ ಕೂರಿಸಿ ಪಳಗಿದ ಕೈ. ಚಿಮಣಿಯ ದಾರಿಯಲ್ಲಿ ಖಾಲಿ ಡಾಂಬರು ಡ್ರಮ್ಮು ಕೂರಿಸಿ, ಅದಕ್ಕೆ ಪಕ್ಕದಿಂದ ಓರೆಯಾಗಿ ಕೊಳವೆ ಕೊಟ್ಟ. ಹೊಗೆ ಒಳಗೆ ಬಂದು ಡ್ರಮ್ಮಿನ ಗೋಡೆ ಸವರಿಕೊಂಡು ಗಿರಗಿರ ತಿರುಗಬೇಕು, ಭಾರದ್ದೆಲ್ಲ ಕೆಳಗೆ ಬೀಳಬೇಕು, ಹಗುರದ್ದು ಮೇಲೆ ಹೋಗಬೇಕು. ಸಂಜೆ ಡ್ರಮ್ಮಿನ ಬುಡ ತೆಗೆದರೆ ಎರಡು ಬುಟ್ಟಿ ಬೂದಿ! ಮಾವ ಅದನ್ನು ಕೈಯಲ್ಲಿ ಹಿಡಿದು ಪ್ರಸಾದದಂತೆ ಎಲ್ಲರಿಗೂ ತೋರಿಸಿದ. ಕಿಡಿ ನಿಂತೇಹೋಯಿತು. ನಾನು ಓಡಿಹೋಗಿ ಅಕ್ಕನಿಗೆ ಹೇಳಿದೆ. ಅವಳು ಗಳದ ಮೇಲೆ ಬೆರಳೆಳೆದು ತೋರಿಸಿದಳು. ಬೆರಳ ತುದಿ ಕಾಡಿಗೆ ಮುಟ್ಟಿದಂತಿತ್ತು.

"ಮೊದ್ಲು ಬೀಳೋದು ಕಣ್ಣಿಗೆ ಕಾಣ್ತಿತ್ತು, ಆರಿಸಿ ಒಗೀತಿದ್ದೆ. ಈಗ ಹಿಟ್ಟಿನಂಗೆ ಬೀಳತೈತೆ ತಮ್ಮ. ಇದನ್ನ ಹೆಂಗೆ ಆರಿಸ್ಲಿ?"

ಹಗುರದ್ದು ಮೇಲೆ ಹೋಗಿತ್ತು. ವೆಲ್ಡರ್ ಸುಳ್ಳು ಹೇಳಿರಲಿಲ್ಲ.

"ಸಾಹೇಬ್ರನ್ನೇ ಒಂದು ಮಾತು ಕೇಳಾಣ" ಎಂದ ಮಾವ. ಫೋನು ಒತ್ತಿದ. ನನ್ನ ಜೇಬು ಗುರ್ ಅಂದಿತು. ಹೊಟ್ಟೆನೋವೆಂದು ಮಾಳಿಗೆಗೆ ಓಡಿ, ಟ್ಯಾಂಕಿನ ಹಿಂದೆ ಕೂತು, ಮೂಗು ಹಿಡಿದು, ಏದುಸಿರಲ್ಲೇ "ನೋಡಿ" ಎಂದೆ. ಮಾವ ಎಲ್ಲ ವಿವರಿಸಿ, "ಮುಂದೇನು ಮಾಡ್ಬೇಕು ಸಾ?" ಎಂದ. ಸಾಹೇಬರಿಗೆ ಗೊತ್ತಿರಲಿಲ್ಲ. "ನೋಡಿ... ನೀರು ಹಾಕಿ ನೋಡಿ" ಎಂದರು. ಹಿಂದಿನ ರಾತ್ರಿ ಮೊಬೈಲಿನಲ್ಲಿ ಅಂಥದ್ದೊಂದು ವಿಡಿಯೋ ನೋಡಿದ್ದರು.

ನೀರು ಹಾಕಿದೆವು. ಡ್ರಮ್ಮಿನ ಒಳಗೆ ತೂತು ಕೊರೆದ ಪೈಪು ಸುತ್ತಿ ಮಳೆ ಸುರಿಸಿದೆವು. ಮಸಿ ನೀರಿಗೆ ಸಿಕ್ಕಿತು, ಅದು ನಿಜ. ಚಿಮಣಿಯಿಂದ ಬಂದದ್ದು ಬೆಳ್ಳಗಿನ ಆವಿ. ಆದರೆ ಕರೀ ನೀರು ಗಟಾರಕ್ಕೆ ಇಳಿದು, ಅಕ್ಕನ ಹೊಸಿಲ ಮುಂದೆಯೇ ಹಾದು, ಅಲ್ಲಿ ಕಟ್ಟಿಕೊಂಡು ನಿಂತಿತು. ಮೇಲಿಂದ ಬರುತ್ತಿದ್ದದ್ದು ಈಗ ಬಾಗಿಲಿಗೇ ಬಂದಿತ್ತು. ಅದೂ ಸಾಲದೆಂಬಂತೆ ತಣ್ಣಗಾದ ಹೊಗೆಗೆ ಏರುವ ಕಸುವೇ ಹೋಯಿತು. ವಿಡಿಯೋದಲ್ಲಿ ಹೊಗೆ ಎಳೆಯಲು ದೊಡ್ಡ ಫ್ಯಾನು ಇತ್ತು. ನಾನು ಆ ಭಾಗ ನೋಡದೆ ಮುಂದಕ್ಕೆ ಓಡಿಸಿದ್ದೆ. ಒಲೆಯ ಬಾಯಿಂದ ಹೊಗೆ ಉಕ್ಕಿತು. ಕಾಕಾ ನಾಲ್ಕು ದಿನ ಒದ್ದೆ ಬಟ್ಟೆ ಕಟ್ಟಿಕೊಂಡು ಹುರಿದ. ಐದನೆಯ ದಿನ ಕೆಮ್ಮುತ್ತ ಕಟ್ಟೆಗೆ ಬಂದು ಕೂತವನು ಏಳಲಿಲ್ಲ. ಉಗುಳಿದರೆ ಕರಿ. ನಾನು ನೀರು ಕೊಟ್ಟೆ.

"ಮಸಿ ಎಲ್ಲಿಗೂ ಹೋಗಿಲ್ಲ ಕಣಪ್ಪ" ಎಂದ ಎದೆ ಮುಟ್ಟಿಕೊಂಡು. "ಇಲ್ಲಿ ಮನಿ ಮಾಡೈತೆ."

ಅವನ ಕೆಮ್ಮಿನ ಅಣಕವೂ ನನಗೆ ಬರುತ್ತಿತ್ತು. ಮಾಡಿದ್ದರೆ ಎಲ್ಲರೂ ಬಿದ್ದು ನಗುತ್ತಿದ್ದರು. ಮಾಡಲಿಲ್ಲ. ನೆಟ್ಟಗೆ ಮಾವನ ಹತ್ತಿರ ಹೋಗಿ, ಜೇಬಿನಿಂದ ಫೋನು ತೆಗೆದು ಮೇಜಿನ ಮೇಲಿಟ್ಟು, "ಸಾಹೇಬ್ರು ನಾನೇ ಮಾವ" ಎಂದೆ. ನಂಬಲಿಲ್ಲ. "ನೋಡಿ, ಕಂಪ್ಲೇಂಟ್ ಬಂದಿದೆ" ಎಂದು ಮೂಗು ಹಿಡಿದು ತೋರಿಸಿದೆ. ಕಪಾಳಕ್ಕೆ ಬೀಳುತ್ತದೆಂದು ಕೆನ್ನೆ ಗಟ್ಟಿ ಮಾಡಿಕೊಂಡೇ ನಿಂತಿದ್ದೆ. ಮಾವ ಹೊಡೆಯಲಿಲ್ಲ. ಫೋನನ್ನು ಎತ್ತಿ ತಿರುಗಿಸಿ ತಿರುಗಿಸಿ ನೋಡಿದ.

"ಹಂಗಾದ್ರೆ ಕೇಳಾಕೆ ಯಾರೂ ಇಲ್ವೇನೋ ನಮಗೆ?"

ಬೈದಿದ್ದರೆ ಅದನ್ನು ಮಾಡಿ ತೋರಿಸಬಹುದಿತ್ತು. ಈ ಮಾತನ್ನು ಇವತ್ತಿಗೂ ನಾನು ಯಾರ ಮುಂದೆಯೂ ಮಾವನ ದನಿಯಲ್ಲಿ ಹೇಳಿಲ್ಲ.

ಕಾಕಾನಿಗೆ ಉಸಿರಾಡಲು ಆಗಲೆಂದು ಅದೇ ದಿನ ನೀರಿನ ಪೈಪು ಕಿತ್ತೆವು. ಹೊಗೆ ಮತ್ತೆ ಸಲೀಸಾಗಿ ಮೇಲೇರಿತು. ಭಟ್ಟಿಯನ್ನು ಮಧ್ಯಾಹ್ನದ ಮೇಲೆ ಹಚ್ಚೋಣ, ಅಷ್ಟರೊಳಗೆ ಅಕ್ಕನ ಶಾವಿಗೆ ಒಣಗುತ್ತದೆ ಎಂದು ಒಂದು ದಿನ ನೋಡಿದೆವು. ಆ ಬಿಸಿಲಿಗೆ ತಗಡಿನ ಕೆಳಗೆ ಕಾದ ಮರಳಿನ ಮುಂದೆ ಮನುಷ್ಯ ನಿಲ್ಲುವಂತಿರಲಿಲ್ಲ. ಮಾವ ಫ್ಯಾನಿನ ಮಾತೆತ್ತಿದ, ಮುಂದಿನ ಬೇಸಿಗೆಯ ಹೊತ್ತಿಗೆ ಎಂದ. ಆ ವಾರವೇ ಇನ್ನೊಂದು ಮನೆಯ ಗೋಧಿ ಬೂದು ಬಣ್ಣಕ್ಕೆ ತಿರುಗಿತು. ಹಸಿರು ಸೀರೆಯ ಚೂರು ಕಟ್ಟಿದ ಗಳ. ಅಕ್ಕ ಈ ಸಲ ನಮ್ಮ ಬಾಗಿಲಿಗೆ ಬರಲಿಲ್ಲ.

ಮರುದಿನ ಬೆಳಿಗ್ಗೆ ಅವಳ ಮನೆ ಮುಂದೆ ಗೂಡ್ಸ್ ಆಟೋ ನಿಂತಿತ್ತು. ಮಿಷನ್ನನ್ನು ಗೋಣಿತಾಟಿನಲ್ಲಿ ಸುತ್ತಿ ಆಗಲೇ ಏರಿಸಿದ್ದರು. ಯಾರೂ ಕರೆಯದಿದ್ದರೂ ನಾನು ಮಾಳಿಗೆ ಹತ್ತಿ ಗಳಗಳನ್ನು ಬಿಚ್ಚಿ ಒಂದೊಂದಾಗಿ ಇಳಿಸಿಕೊಟ್ಟೆ. ಅಂಗೈ ಕರ್ರಗಾಯಿತು. ಗಳಗಳ ತುದಿಯಲ್ಲಿ ಚಿಂದಿಗಳು ಹಾಗೇ ಇದ್ದವು. ಮಾವ ದೂರ ನಿಂತು ಟವೆಲು ಕಂಕುಳಲ್ಲಿ ಇಟ್ಟುಕೊಂಡಿದ್ದ.

ಅಕ್ಕ ಡ್ರೈವರನ ಪಕ್ಕ ಕೂತಳು. ಏನಾದರೂ ಹೇಳಬೇಕಲ್ಲ, ಹೇಳಿದೆ: "ಅಕ್ಕಾ, ಫ್ಯಾನ್ ಕೂರಿಸಿದ ಮ್ಯಾಲೆ ಮಸಿ ಬರಲ್ಲ. ನಿಂತ ತಕ್ಷಣ ಫೋನ್ ಮಾಡ್ತೀನಿ, ನೀ ವಾಪಸ್ ಬಂದುಬಿಡು."

ಅವಳು ಸೆರಗು ಸರಿ ಮಾಡಿಕೊಂಡಳು.

"ಮಾಡಪ್ಪ. ನಿಮ್ಮ ಟ್ಯಾಂಕಿನ ಈಚಿಗೆ ಗಳ ಕಟ್ಟೋಳು ನಾನು, ಅವತ್ತು ಎಲ್ಲಾ ಕೇಳಿಸ್ಕಂಡೀನಿ. ಈ ಸಲ ಮೂಗು ಬಿಟ್ಟು ಮಾಡು."