ಅಂಚಿನ ಗುಂಡಿಗಳಿಗಾಗಿ ಸುವೈಕಿಗೆ

ಶುಕ್ರವಾರದ ರಜೆ, ಮಧ್ಯಾಹ್ನ ಉಂಡು ಅಡ್ಡಾಗಬೇಕಾದ ಹೊತ್ತಿನಲ್ಲಿ, ಮಗಳು ದಿಯಾಳನ್ನು ಕೂರಿಸಿಕೊಂಡು ನಾವಿರುವ ಅಲ್ ಗುಬ್ರಾದಿಂದ ಸುವೈಕಿಗೆ ಹೊರಟೆ. ನೂರು ಕಿಲೋಮೀಟರಿಗೂ ಮಿಕ್ಕ ದಾರಿ. ವಾರವೆಲ್ಲ ಆಫೀಸಿನಲ್ಲಿ ಕೂತು ಸೋತ ಬೆನ್ನು ಊರು ದಾಟುವ ಮೊದಲೇ ನೋಯತೊಡಗಿತು. ಆದರೆ ರಜೆ ಮುಗಿದು ಭಾನುವಾರ ಶಾಲೆ ತೆರೆದ ದಿನವೇ ನಾಟಕ. ದಿಯಾ ಅದರಲ್ಲಿ ಮಧ್ಯಯುಗದ ಯುರೋಪಿನ ದೂತ. ಎದುರಿಗೆ ಸಾಲು ಗುಂಡಿಯಿರುವ, ಮೈಗಂಟಿದ ಉಣ್ಣೆಯ ಅಂಗಿ ಬೇಕಿತ್ತು. ಅರಬರ ಈ ಬಿಸಿಲ ನಾಡಿನಲ್ಲಿ ದಪ್ಪ ಉಣ್ಣೆ ಯಾರು ಮಾರುತ್ತಾರೆ? ತೀರಿಕೊಂಡ ನನ್ನವ್ವನ ಶಾಲನ್ನೇ ಹೊಲಿಯಲು ಕೊಟ್ಟಿದ್ದೆ. ಅವಳು ಕೆಂಪು ದಾರದಲ್ಲಿ ಹೂ ಹಾಕಿದ್ದ ಉದ್ದನೆಯ ತುಂಡೊಂದನ್ನು ಮಾತ್ರ ಮುಟ್ಟಬೇಡಿ ಎಂದಿದ್ದೆ.

ನಡುದಾರಿಯ ಬರ್ಕಾದಲ್ಲಿ ಕಾರಿನಲ್ಲೇ ಕೂತು ಪರೋಟಾ ತಿಂದು ಚಹಾ ಕುಡಿದೆವು. ಕಿಟಕಿ ಇಳಿಸಿದರೆ ಸಮುದ್ರದ ಕಡೆಯಿಂದ ಬಿಸಿ ಉಗಿ ಮುಖಕ್ಕೆ ಅಂಟುತ್ತಿತ್ತು.

ಸುವೈಕ್ ಪೇಟೆಯ ದರ್ಜಿ ವಸಂತ ಕಾರ್ಕಳದವರು. ಗುಂಡಿ ತೂರಿಸುವ ಕಾಜಗಳನ್ನು ಕೈಯಲ್ಲೇ ಹೊಲಿಯಲು ಒಪ್ಪಿದ್ದು ಅವರೊಬ್ಬರೇ. ಅದೇ ಬಟ್ಟೆಯ ಚೂರುಗಳನ್ನು ಉಂಡೆ ಕಟ್ಟಿ ಮುದ್ದಾದ ಗುಂಡಿ ಮಾಡಿ ಹಚ್ಚಿದ್ದರು. ಕಾಜ ಮಾತ್ರ ಇನ್ನೂ ಕತ್ತರಿಸಿರಲಿಲ್ಲ. ದಿಯಾಳಿಗೆ ತೊಡಿಸಿ ಪಿನ್ನು ಹಾಕಿದರೆ ಉಸಿರಾಡಲೂ ಜಾಗವಿಲ್ಲ.

“ಬಿಗಿ ಆಯ್ತಲ್ಲ ಮಾರಾಯ್ರೆ! ಎದುರಿಗೆ ಪಟ್ಟಿ ಕೂಡಿಸ್ಬೇಕು ಮೇಡಂ. ಆ ಹೂವಿನ ತುಂಡು ಬಿಟ್ರೆ ಬೇರೆ ಬಟ್ಟೆ ಇಲ್ಲ.”

ಮತ್ತೊಮ್ಮೆ ಇಷ್ಟು ದೂರ ಬರುವ ತ್ರಾಣ ನನಗಿರಲಿಲ್ಲ. “ಆತು, ಕತ್ತರಿಸ್ರಿ,” ಎಂದೆ. ಕತ್ತರಿ ಅವ್ವನ ಹೂಗಳ ನಡುವೆಯೇ ಹಾದುಹೋಯಿತು. ನಾನು ಮುಖ ತಿರುಗಿಸಿದೆ.

“ಮಮ್ಮಿ, ವೇಟ್!” ದಿಯಾ ಮೊಬೈಲಿನಲ್ಲಿ ಮಧ್ಯಯುಗದ ಚಿತ್ರವೊಂದನ್ನು ಹಿಗ್ಗಿಸಿ ತೋರಿಸಿದಳು. “ಬಟನ್ಸ್ ಎಲ್ಲಾ ಎಡ್ಜ್ ಮ್ಯಾಲೇ ಅದಾವ.”

ನಿಜ. ಆ ಕಾಲದ ಅಂಗಿಯಲ್ಲಿ ಗುಂಡಿ ಬಟ್ಟೆಯ ಅಂಚಿನಲ್ಲೇ ಕೂರುತ್ತಿತ್ತು, ಕಾಜವೂ ಅಂಚಿಗೆ ಹತ್ತಿರ. ವಸಂತ ಮಾತ್ರ ಶರ್ಟಿನ ರೂಢಿಯಲ್ಲಿ ಎರಡು ಬೆರಳು ಒಳಗೆ ಹಚ್ಚಿದ್ದರು. ಎರಡು ಬದಿಗಳು ಒಂದರ ಮೇಲೊಂದು ಹೆಚ್ಚು ಏರದಂತೆ ಗುಂಡಿಗಳನ್ನು ಅಂಚಿಗೆ ಸರಿಸಿ ಹಿಡಿದದ್ದೇ ಅಂಗಿ ಮೈಗೆ ಸರಿಹೋಯಿತು. ಪಟ್ಟಿ ಬೇಕಿರಲೇ ಇಲ್ಲ. ನನಗೆ ಅಳು ಬಂತು.

ವಸಂತ ಕತ್ತರಿಸಿದ ತುಂಡುಗಳನ್ನು ಹಿಡಿದು ನಿಂತರು. “ತಪ್ಪಾಯ್ತು ಮೇಡಂ. ಅಂಚಿಗೆ ಕಾಜ ಕೊಟ್ರೆ ಬಟ್ಟೆ ಹರೀತದೆ. ಈ ಹೂವಿನ ತುಂಡನ್ನೇ ಒಳಗಿಂದ ಆಸರೆಗೆ ಇಟ್ಟು ಹೊಲೀಲಾ?”

ಹೂಂ ಎಂದು ತಲೆಯಾಡಿಸಿದೆ. ಅವರು ಗುಂಡಿಗಳನ್ನು ಅಂಚಿಗೆ ಬದಲಿಸಿ, ಹೂವಿನ ತುಂಡು ಒಳಗಿಟ್ಟು, ಒಂದೊಂದೇ ಕಾಜ ಕತ್ತರಿಸಿ, ಅಂಚು ಬಿಡದಂತೆ ಒತ್ತಾಗಿ ದಾರ ಸುತ್ತುತ್ತಾ ಬಂದರು. ಮುಗಿಯುವಷ್ಟರಲ್ಲಿ ಕತ್ತಲಾಯಿತು.

ವಾಪಸು ಬರುವಾಗ ದಿಯಾ ಅಂಗಿ ಬಿಚ್ಚಲಿಲ್ಲ. ಎ.ಸಿ. ಜೋರಾಗಿ ಹಾಕಿಕೊಂಡು ಎದೆಯ ಬಳಿ ಕೆರೆದುಕೊಂಡಳು.

“ಒಳಗ ಅಜ್ಜಿ ಹೂ ಚುಚ್ಚತದ, ಮಮ್ಮಿ.”

“ಬಿಚ್ಚಿಸಿ ತಗಸಲೇನು?”

“ನೋ. ಇರ್ಲಿ.”