ಲಾಲಬಿಯ ಬೆರಳಿಗೆ ಸಿಕ್ಕ ಗುಲ್ಮ

2023ರ ಬೇಸಿಗೆ. ಶಹಾಬಾದಿನಲ್ಲಿ ನನ್ನ ಕ್ಲಿನಿಕ್ಕಿಗೆ ಆಗ ಹತ್ತೊಂಬತ್ತು ವರ್ಷ. ವಾಡಿಯ ಸಂತೆಯಲ್ಲಿ ಅವ್ವನ ಜೊತೆ ಕಾಯಿಪಲ್ಲೆ ಮಾರುತ್ತ ಚೌಕಾಸಿ ಕಲಿತವನು ನಾನು. ಡಾಕ್ಟರಿಕೆಯಲ್ಲೂ ಅದು ಕೈಬಿಟ್ಟಿಲ್ಲ.

ಭಂಕೂರಿನ ಮಲ್ಕಪ್ಪ ಹೆಂಡತಿಯೊಡನೆ ಬಂದ. ನಲವತ್ಮೂರು ವರ್ಷ, ಲಾರಿಗೆ ಹಾಸುಗಲ್ಲು ಹೇರುವ ಕೆಲಸ. ಹನ್ನೆರಡು ದಿನದ ಜ್ವರ, ಹಳದಿ ಕಣ್ಣು. ಕಾಮಾಲೆ ಎಂದು ಬರೆದೆ. ಆದರೆ ಹೆಪಟೈಟಿಸ್, ಟೈಫಾಯ್ಡ್, ಮಲೇರಿಯಾ ಯಾವುದೂ ಪರೀಕ್ಷೆಯಲ್ಲಿ ಸಿಗಲಿಲ್ಲ. ರಕ್ತದಲ್ಲಿ ಬಿಳಿಕಣಗಳ ರೂಪವೇ ಬದಲಾಗಿತ್ತು. ಸೋನೋಗ್ರಫಿಯಲ್ಲಿ ಎಡಪಕ್ಕೆಯ ಗುಲ್ಮ, ಅಂದರೆ ಸ್ಪ್ಲೀನ್, ಊದಿ ಹದಿನೇಳು ಸೆಂಟಿಮೀಟರ್ ಉದ್ದವಾಗಿತ್ತು. ಕಲಬುರಗಿಯಿಂದ ರಿಪೋರ್ಟ್ ಬಂತು: ಇನ್‌ಫೆಕ್ಷಿಯಸ್ ಮೊನೊನ್ಯೂಕ್ಲಿಯೋಸಿಸ್.

ಎಂಜಲಿನಿಂದ ಹರಡುವ ವೈರಸ್ ಜ್ವರವಿದು. ಬಹಳ ಮಂದಿಗೆ ಚಿಕ್ಕಂದಿನಲ್ಲೇ ಗೊತ್ತಾಗದಂತೆ ಬಂದು ಹೋಗಿರುತ್ತದೆ. ಹರೆಯದವರಿಗೆ ಗಂಟಲು ನೋವು, ಕುತ್ತಿಗೆಯ ಗಂಟು. ನಲವತ್ತು ದಾಟಿದವರಲ್ಲಿ ಕೆಲವೊಮ್ಮೆ ಅವೆರಡೂ ಇಲ್ಲದೆ, ಬರೀ ಜ್ವರ, ಕಾಮಾಲೆಯಾಗಿ ವೇಷ ಮರೆಸಿ ಬರುತ್ತದೆ. ವಿಶ್ರಾಂತಿಯೇ ಮದ್ದು. ಊದಿದ ಗುಲ್ಮಕ್ಕೆ ಪೆಟ್ಟು ಬಿದ್ದರೆ ಒಡೆದು ಜೀವಕ್ಕೇ ಕುತ್ತು ಬರಬಹುದು.

"ಎರಡು ತಿಂಗಳು ಕಲ್ಲು ಮುಟ್ಟಬ್ಯಾಡ," ಎಂದೆ.

"ಎಂಟ್ ದಿನಕ್ಕ ಮುಗಸ್ರಿ ಸಾಹೇಬ್ರ."

"ಆರು ವಾರ."

"ಹದಿನೈದ್ ದಿನ. ಲಾರಿ ನಮ್ಮ ಮಾವಂದೇನ್ರಿ, ನನ್ ಸಲುವಾಗಿ ನಿಂದ್ರಾಕ?"

ಹೆಂಡತಿ ಶರಣಮ್ಮ ತಿವಿದಳು: "ನಮ್ಮಪ್ಪ ಸತ್ತು ಹತ್ ವರ್ಷಾತು, ಅವನ್ನ್ಯಾಕ್ ಎಳೀತಿ? ಆರ್ ವಾರ ನಾ ಕುಂದ್ರಸ್ತೀನ್ರಿ."

ನನಗೆ ಬೇಕಿದ್ದುದೇ ಆರು ವಾರ. ಗೆದ್ದೆ ಎಂದುಕೊಂಡೆ.

ನಾಲ್ಕನೆಯ ದಿನ ಶರಣಮ್ಮನ ಫೋನು. "ಎಡಗಡಿ ಭುಜ ಭಾಳ ನೋಯಾಕತ್ತದಂತ್ರಿ."

ಗುಲ್ಮದಿಂದ ರಕ್ತ ಸೋರಿದರೆ ನೋವು ಎಡ ಭುಜದಲ್ಲಿ ಕಾಣಿಸಿಕೊಳ್ಳುತ್ತದೆ. "ಕಲ್ಲು ಎತ್ತಿದನೇನು?"

"ಇಲ್ರಿ! ಹಸಿವಿ ಇಲ್ಲ, ಬಟ್ಟಿ ಸರದದಂತ ನಮ್ಮೂರಾಗ ಹೊಟ್ಟಿ ತಿಕ್ಕೋ ಲಾಲಬಿ ಕಡಿ ಹೋಗಿದ್ವಿ. ಎರಡ್ ಸಲ ಒತ್ತಿ ಕೈ ತಗದ್ಳು. 'ಇದು ಬಟ್ಟಿ ಅಲ್ಲವಾ, ಎಡಕ್ಕ ಏನೋ ಗಟ್ಟಿ ಅದ. ನಾ ಮುಟ್ಟಂಗಿಲ್ಲ, ಡಾಕ್ಟರಗ ಫೋನ್ ಹಚ್ಚು' ಅಂದ್ಳು."

ಹೊಟ್ಟೆ ಕೆಟ್ಟರೆ ಹೊಕ್ಕುಳ ಬಟ್ಟಿ ಸರಿದಿದೆ ಎಂದು ಎಣ್ಣೆ ಹಚ್ಚಿ ತಿಕ್ಕಿಸುವುದು ನಮ್ಮ ಕಡೆಯ ವಾಡಿಕೆ. ನಾನೂ ಚಿಕ್ಕಂದಿನಲ್ಲಿ ತಿಕ್ಕಿಸಿಕೊಂಡವನೇ. ಆದರೂ ಆ ಮಾತೆತ್ತಲು ಮರೆತಿದ್ದೆ.

ಅಲ್ಲಾಡಿಸದೆ ಮಲಗಿಸಿ ಕಲಬುರಗಿಗೆ ಸಾಗಿಸಿದೆವು. ಸಿ.ಟಿ. ಸ್ಕ್ಯಾನಿನಲ್ಲಿ ಗುಲ್ಮದ ಹೊದಿಕೆಯ ಕೆಳಗೆ ರಕ್ತ ಕಟ್ಟಿತ್ತು, ಹೊದಿಕೆ ಹರಿದಿರಲಿಲ್ಲ. ಎರಡು ಬಾಟಲಿ ರಕ್ತ ಸಿದ್ಧವಿಟ್ಟು ಹತ್ತು ದಿನ ಕಾದರು. ಆಪರೇಷನ್ ಇಲ್ಲದೆಯೇ ಮಲ್ಕಪ್ಪ ಮನೆಗೆ ಬಂದ. ಮೂರನೇ ಸಲ ಒತ್ತಿದ್ದರೆ ಕಥೆ ಬೇರೆ, ಎಂದರು ಸರ್ಜನ್.

ಗದರಲೆಂದೇ ಭಂಕೂರಿಗೆ ಹೋದೆ. ಲಾಲಬಿ ಅಕ್ಕಿ ಹಸನು ಮಾಡುತ್ತ ಕೂತಿದ್ದಳು. ತಲೆಯೆತ್ತದೆ ಕೇಳಿದಳು: "ಕಲ್ಲ್ ಬ್ಯಾಡಂತ ಅವಗ ಹೇಳಿದ್ರಿ. ತಿಕ್ಕಬ್ಯಾಡಂತ ಯಾರಿಗ್ ಹೇಳಿದ್ರಿ ಸಾಬ್?"

ಚೀಟಿಯ ಹಿಂದೆ ಗುಲ್ಮದ ಚಿತ್ರ ಬರೆದುಕೊಟ್ಟೆ. ಈಗ ಜ್ವರವಿದ್ದವರ ಹೊಟ್ಟೆಯನ್ನು ಅವಳು ತಿಕ್ಕುವುದಿಲ್ಲ, ನನ್ನ ಕಡೆ ಕಳಿಸುತ್ತಾಳೆ.

ನಾನೂ ಔಷಧ ಬರೆದ ಮೇಲೆ ಕೇಳುತ್ತೇನೆ: "ಇನ್ನ್ ಯಾರ್ ಕಡಿ ತೋರಸಾವ್ರಿದ್ದೀರಿ?" ನಗುತ್ತಲೇ ಕೇಳಬೇಕು, ಗದರಿದರೆ ಸುಳ್ಳು ಬರುತ್ತದೆ. ಚೌಕಾಸಿಗೆ ಕೂರುವ ಮೊದಲು ಎದುರಿಗೆ ಎಷ್ಟು ಜನ ಎಂದು ಎಣಿಸಿಕೊಳ್ಳಿ. ಅಂದು ನಾನು ಗಂಡ ಹೆಂಡತಿ ಇಬ್ಬರನ್ನೇ ಎಣಿಸಿದ್ದೆ.